ದಡ ಎಷ್ಟು ದಿನದ ದೂರ?

ಗುಂಡಗುರ್ತಿಯಿಂದ ಸಮುದ್ರ ನೋಡಲು ಹೊರಟವರು ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಸುಮಾರು ಆರುನೂರು ಕಿಲೋಮೀಟರ್ ದೂರದ ಮುಂಬಯಿಗೆ ಹೋಗಬೇಕು. ಬಿಸಿಲು, ತೊಗರಿ ಹೊಲ, ಹಾಸುಗಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ಇವುಗಳ ನಡುವೆ ಬೆಳೆದ ನಮ್ಮ ಚಿತ್ತಾಪುರ-ಸೇಡಂ ಸೀಮೆಯವರಿಗೂ ಹಡಗಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಹಿಂದೆಯೂ ಇತ್ತು. ಮುಂಬಯಿಯಿಂದ ಜೆಡ್ಡಾಕ್ಕೆ ಹಜ್ ಯಾತ್ರಿಕರನ್ನು ಒಯ್ಯುತ್ತಿದ್ದ ಹಡಗುಗಳು 1995ರಲ್ಲಿ ನಿಂತವು. ಅಲ್ಲಿಯವರೆಗೆ ನಮ್ಮ ಭಾಗದ ಎಷ್ಟೋ ಹಿರಿಯರು ವಾರಕ್ಕೂ ಮಿಕ್ಕಿ ನೀರಿನ ಮೇಲೆ ಕಳೆದು ಹೋಗಿಬಂದಿದ್ದಾರೆ. ಮೊದಲ ಮೂರು ದಿನ ತಲೆ ಎತ್ತಲಾಗದೆ ಮಲಗಿದ್ದೆವು, ನಾಲ್ಕನೆಯ ದಿನ ಹಸಿವು ಬಂತು ಎಂದು ಅವರು ಹೇಳುವುದನ್ನು ನಾನೂ ಕೇಳಿದ್ದೇನೆ.

ಈಗ ಬರುವ ಪ್ರಶ್ನೆ ಬೇರೆ ರೀತಿಯದು. ಮಗ ಅಮೆರಿಕದಲ್ಲಿ, ಮಗಳು ದುಬೈ ಅಥವಾ ಸಿಂಗಪುರದಲ್ಲಿ. ಅಪ್ಪ-ಅವ್ವನನ್ನು ಒಮ್ಮೆ ಹಡಗಿನಲ್ಲಿ ಕರೆದೊಯ್ಯಬೇಕೆಂಬ ಆಸೆ ಮಕ್ಕಳಿಗೆ. ಎರಡೋ ಮೂರೋ ಪ್ರಯಾಣಪಟ್ಟಿಗಳನ್ನು ಕಳುಹಿಸಿ ಯಾವುದು ಬೇಕೋ ಆರಿಸಿಕೊಳ್ಳಿ ಎನ್ನುತ್ತಾರೆ. ಆ ಪಟ್ಟಿಯೊಡನೆ ದವಾಖಾನೆಗೆ ಬಂದು, "ಸಾಹೇಬ್ರ, ಇದರಾಗ ನಮಗ ಯಾವುದು ನಡೀತದ ನೋಡ್ರಿ" ಎನ್ನುವವರು ಈಚಿನ ವರ್ಷಗಳಲ್ಲಿ ಇದ್ದಾರೆ. ಈ ವಾರ ಆ ವಿಷಯ.

ಒಮ್ಮುಖ ಪ್ರಯಾಣ ಎಂದರೇನು?

ಸಾಮಾನ್ಯವಾಗಿ ವಿಹಾರದ ಹಡಗು ಹೊರಟ ಬಂದರಿಗೇ ಮರಳುತ್ತದೆ. ಆದರೆ ವರ್ಷಕ್ಕೆರಡು ಬಾರಿ ಹಡಗು ಕಂಪನಿಗಳು ತಮ್ಮ ಹಡಗುಗಳನ್ನು ಒಂದು ಸಮುದ್ರದಿಂದ ಇನ್ನೊಂದು ಸಮುದ್ರಕ್ಕೆ ಸ್ಥಳಾಂತರಿಸುತ್ತವೆ. ಬೇಸಿಗೆಯಲ್ಲಿ ಮೆಡಿಟರೇನಿಯನ್ನಿನಲ್ಲಿ ಓಡಾಡುವ ಹಡಗು ಚಳಿಗಾಲಕ್ಕೆ ಕೆರಿಬಿಯನ್ನಿಗೋ ದುಬೈಗೋ ಹೋಗಬೇಕು. ಹೇಗೂ ಹೋಗಲೇಬೇಕಾದ ಹಡಗು ಖಾಲಿ ಹೋಗುವುದು ಬೇಡವೆಂದು ಟಿಕೆಟ್ ಮಾರುತ್ತಾರೆ, ದಿನದ ಲೆಕ್ಕದಲ್ಲಿ ಅದು ಅಗ್ಗವೂ ಆಗಿರುತ್ತದೆ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಯುರೋಪಿನಿಂದ ಅಮೆರಿಕದ ಕಡೆಗೆ, ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿಂದ ಈಚೆಗೆ ಇಂಥ ಪ್ರಯಾಣಗಳು ಹೆಚ್ಚು. ನಮ್ಮ ಕರಾವಳಿಗೂ ಇದು ಹೊಸದಲ್ಲ. 2016ರ ಡಿಸೆಂಬರಿನಿಂದ ಕೆಲವು ಚಳಿಗಾಲಗಳಲ್ಲಿ ಕೋಸ್ಟಾ ಕಂಪನಿಯ ಹಡಗೊಂದು ಮುಂಬಯಿಯಿಂದ ಹೊರಟು ನವಮಂಗಳೂರು, ಕೊಚ್ಚಿ ಮಾರ್ಗವಾಗಿ ಮಾಲ್ಡೀವ್ಸಿಗೆ ಹೋಗುತ್ತಿತ್ತು. ಹೋದವರು ಅಲ್ಲಿ ಇಳಿದು ವಿಮಾನದಲ್ಲಿ ಮರಳಬಹುದಾಗಿತ್ತು.

ಇಂಥ ಪ್ರಯಾಣಗಳಲ್ಲಿ ಎಷ್ಟು ಊರು ನೋಡಲು ಸಿಗುತ್ತದೆ, ಕೋಣೆಗೆ ಕಿಟಕಿ ಇದೆಯೇ, ಎಷ್ಟು ರೂಪಾಯಿ ಎಂಬುದನ್ನು ಎಲ್ಲರೂ ನೋಡುತ್ತಾರೆ. ಅರವತ್ತು ದಾಟಿದವರು, ಶುಗರ್-ಬಿ.ಪಿ. ಇರುವವರು, ಹೃದಯಕ್ಕೆ ಚಿಕಿತ್ಸೆಯಾದವರು ಇವೆಲ್ಲಕ್ಕಿಂತ ಮೊದಲು ನೋಡಬೇಕಾದುದು ಬೇರೊಂದಿದೆ. ಪಟ್ಟಿಯಲ್ಲಿ ಬಂದರಿನ ಹೆಸರಿಲ್ಲದೆ "ಸಮುದ್ರದಲ್ಲಿ" ಎಂದು ಬರೆದಿರುವ ದಿನಗಳು ಎಲ್ಲಿ ಅತಿ ಹೆಚ್ಚು ಸಾಲಾಗಿ ಬಂದಿವೆ ಎಂದು ಹುಡುಕಿ. ಆ ಎರಡು ಬಂದರುಗಳ ನಡುವಿನ ಪ್ರಯಾಣಕಾಲವನ್ನು ಅರ್ಧ ಮಾಡಿ. ನಡುಸಮುದ್ರದಲ್ಲಿ ಕಾಯಿಲೆ ಬಿದ್ದರೆ ನೀವು ಆಸ್ಪತ್ರೆಯಿಂದ ಅಷ್ಟು ದಿನ ದೂರ.

ಲೆಕ್ಕ ಸುಲಭ. ದೊಡ್ಡ ಹಡಗು ಗಂಟೆಗೆ ಸುಮಾರು 35 ಕಿಲೋಮೀಟರ್ ಹೋಗುತ್ತದೆ, ನಮ್ಮ ಕಡೆಯ ಟ್ರ್ಯಾಕ್ಟರಿಗಿಂತ ತುಸು ಜೋರು ಅಷ್ಟೆ. ಹಗಲು-ರಾತ್ರಿ ನಿಲ್ಲದೆ ಓಡಿದರೆ ದಿನಕ್ಕೆ 840 ಕಿಲೋಮೀಟರ್ ಆಗುತ್ತದೆ. ಆಫ್ರಿಕದ ಪಕ್ಕದ ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್ ದ್ವೀಪಗಳಿಗೆ ಸುಮಾರು 5,000 ಕಿಲೋಮೀಟರ್. ಅಂದರೆ ಆರು ದಿನ, ನಡುವೆ ಒಂದು ದ್ವೀಪವೂ ಇಲ್ಲ. ನಡುಮಧ್ಯದಲ್ಲಿದ್ದಾಗ ಮುಂದಕ್ಕೂ ಮೂರು ದಿನ, ಹಿಂದಕ್ಕೂ ಮೂರು ದಿನ. ಹೆಲಿಕಾಪ್ಟರ್ ಬರುವುದಿಲ್ಲವೇ ಎಂದು ಕೇಳುತ್ತಾರೆ. ಅದು ದಡದಿಂದ ಕೆಲವು ನೂರು ಕಿಲೋಮೀಟರಿನವರೆಗೆ ಮಾತ್ರ ಬರಬಲ್ಲದು. ಅದೂ ಗಾಳಿ, ಬೆಳಕು ಅನುಕೂಲವಿದ್ದರೆ.

ಗುಂಡಗುರ್ತಿಯಲ್ಲಿ ನಡುರಾತ್ರಿ ಎದೆನೋವು ಬಂದರೆ ಆಸ್ಪತ್ರೆ ದೂರ ಎಂದು ನಾವು ಗೊಣಗುತ್ತೇವೆ. ಗೊಣಗುವುದು ತಪ್ಪೂ ಅಲ್ಲ. ಆದರೂ ಗಾಡಿ ಸಿಕ್ಕರೆ ಒಂದು-ಒಂದೂವರೆ ತಾಸಿನಲ್ಲಿ ಕಲಬುರಗಿ ಮುಟ್ಟಬಹುದು, ಅಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ. ಅಟ್ಲಾಂಟಿಕ್ಕಿನ ನಡುವೆ ಎಷ್ಟು ಹಣವಿದ್ದರೂ ಆ ಒಂದೂವರೆ ತಾಸು ಸಿಗದು.

ಹಡಗಿನ ದವಾಖಾನೆ

ಹಡಗಿನಲ್ಲಿ ಡಾಕ್ಟರು ಇರುವುದಿಲ್ಲವೆಂದು ಭಾವಿಸಬೇಡಿ. ದೊಡ್ಡ ಹಡಗುಗಳಲ್ಲಿ ಹಗಲು-ರಾತ್ರಿ ಸಿಗುವ ವೈದ್ಯರು, ದಾದಿಯರು, ಇ.ಸಿ.ಜಿ. ಯಂತ್ರ, ಸಾಮಾನ್ಯ ರಕ್ತಪರೀಕ್ಷೆ, ಆಮ್ಲಜನಕ, ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಉಪಕರಣ, ಕೃತಕ ಉಸಿರಾಟದ ಯಂತ್ರ ಇರುತ್ತವೆ. ಬಹುಪಾಲು ಕಡೆ ಎಕ್ಸ್-ರೇ ಕೂಡ ಇದೆ. ಜ್ವರ, ಭೇದಿ, ಗಾಯ, ಉಬ್ಬಸ ಇವನ್ನು ಅವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಹೃದಯಾಘಾತವಾದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಲ್ಲರು.

ಇಲ್ಲದಿರುವುದು ಇಷ್ಟು: ಆಂಜಿಯೋಪ್ಲಾಸ್ಟಿ ಇಲ್ಲ, ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲ, ರಕ್ತನಿಧಿ ಇಲ್ಲ. ವಿಶೇಷ ಏರ್ಪಾಡಿನ ಕೆಲವು ಪ್ರಯಾಣಗಳನ್ನು ಬಿಟ್ಟರೆ ಡಯಾಲಿಸಿಸ್ ಇಲ್ಲ. ಹಲ್ಲಿನ ವೈದ್ಯರೂ ಸಾಮಾನ್ಯವಾಗಿ ಇರುವುದಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟ ಬಳಿಕವೂ ರೋಗಿಯನ್ನು ಒಂದು ದಿನದೊಳಗೆ ಆಂಜಿಯೋಗ್ರಾಮ್ ಸೌಲಭ್ಯವಿರುವಲ್ಲಿಗೆ ಸೇರಿಸುವುದು ಸರಿಯಾದ ಕ್ರಮ. ದಡ ಮೂರು ದಿನದ ದೂರದಲ್ಲಿದ್ದರೆ ಅದು ಆಗದ ಮಾತು. ಹಡಗಿನ ವೈದ್ಯರ ಯೋಗ್ಯತೆಗೂ ಇದಕ್ಕೂ ಸಂಬಂಧವಿಲ್ಲ, ಇದು ದೂರದ ಪ್ರಶ್ನೆ.

ಕಂಪನಿಗಳಿಗೂ ಈ ಲೆಕ್ಕ ಗೊತ್ತು. ಆರು ತಿಂಗಳ ಕೂಸನ್ನು ಸಾಧಾರಣ ಪ್ರಯಾಣಕ್ಕೆ ಹತ್ತಿಸಿಕೊಳ್ಳುವ ಹಲವು ಕಂಪನಿಗಳು, ಸತತವಾಗಿ ಮೂರು ಅಥವಾ ಹೆಚ್ಚು ದಿನ ದಡ ಕಾಣದ ಪ್ರಯಾಣಕ್ಕೆ ಮಗುವಿಗೆ ಒಂದು ವರ್ಷ ತುಂಬಿರಬೇಕು ಎನ್ನುತ್ತವೆ. ಗರ್ಭಿಣಿಯರಿಗೆ ಪ್ರಯಾಣದ ಅವಧಿಯಲ್ಲಿ 24ನೇ ವಾರ ಶುರುವಾಗುವಂತಿದ್ದರೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಕೂಸಿಗೆ, ಬಸುರಿಗೆ ಇರುವ ಎಚ್ಚರ ಸ್ಟೆಂಟ್ ಹಾಕಿಸಿಕೊಂಡ ಅಜ್ಜನ ಬಗ್ಗೆ ಯಾರೂ ಬರೆದಿಡುವುದಿಲ್ಲ. ಅದನ್ನು ಮನೆಯವರೇ ವಿಚಾರಿಸಬೇಕು.

ಮೂರು ಪಟ್ಟಿಗಳು, ಒಂದು ಕುಟುಂಬ

ಒಂದು ಉದಾಹರಣೆ ಕೊಟ್ಟರೆ ತಿಳಿಯುವುದು ಸುಲಭ. ಸಿಮೆಂಟ್ ಕಾರ್ಖಾನೆಯೊಂದರಿಂದ ನಿವೃತ್ತರಾದ ಹಿರಿಯರೊಬ್ಬರಿಗೆ 66 ವರ್ಷ. ಹದಿನಾಲ್ಕು ವರ್ಷದಿಂದ ಶುಗರ್, ಎರಡು ಹೊತ್ತು ಇನ್ಸುಲಿನ್, ಏಳು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಪತ್ನಿಗೆ 61, ಬಿ.ಪಿ. ಇದೆ, ಎರಡೂ ಮೊಳಕಾಲು ಸವೆದಿವೆ. ಮಗ ನ್ಯೂಜೆರ್ಸಿಯಲ್ಲಿ, ಮಗಳು ಸಿಂಗಪುರದಲ್ಲಿ. ಮಕ್ಕಳು ಮೂರು ದಾರಿ ಸೂಚಿಸಿದ್ದರು.

ಮೊದಲನೆಯದು, ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಏಳು ರಾತ್ರಿ, ನಡುವೆ ಯಾವ ಬಂದರೂ ಇಲ್ಲ. 2004ರಿಂದ ಓಡುತ್ತಿರುವ ಕ್ವೀನ್ ಮೇರಿ 2 ಹೆಸರಿನ ಹಡಗಿನ ಪ್ರಸಿದ್ಧ ದಾರಿ ಇದು. ಎರಡನೆಯದು, ಸ್ಪೇನಿನ ಬಾರ್ಸಿಲೋನಾದಿಂದ ಕ್ಯಾನರಿ ದ್ವೀಪಗಳ ಮೂಲಕ ಕೆರಿಬಿಯನ್ ಸುತ್ತಿ ಫ್ಲಾರಿಡಾಕ್ಕೆ ಹದಿನಾಲ್ಕು ರಾತ್ರಿ. ಮೂರನೆಯದು, ಸಿಂಗಪುರದಿಂದ ಥಾಯ್ಲೆಂಡಿನ ಫುಕೆಟ್, ಕೊಲಂಬೊ, ಕೊಚ್ಚಿ ಮಾರ್ಗವಾಗಿ ಮುಂಬಯಿಗೆ.

ಕುಟುಂಬದವರಿಗೆಲ್ಲ ಎರಡನೆಯದೇ ಇಷ್ಟವಾಗಿತ್ತು. ಹದಿನಾಲ್ಕು ದಿನ, ಏಳೆಂಟು ಊರು, ದುಡ್ಡೂ ಕಡಿಮೆ. ಅವರ ದೇಹಸ್ಥಿತಿಗೆ ಮೂರರಲ್ಲಿ ಅದೇ ಅತಿ ಕೆಟ್ಟ ಆಯ್ಕೆಯಾಗಿತ್ತು. ಮೇಲೆ ಹೇಳಿದ ಆರು ದಿನದ ಖಾಲಿ ಸಮುದ್ರ ಇರುವುದು ಈ ದಾರಿಯಲ್ಲೇ. ಸ್ಟೆಂಟ್ ಹಾಕಿ ವರ್ಷ ತುಂಬಿರದವರು ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಅಂಥದೇ ಇನ್ನೊಂದು ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಈ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ತಪ್ಪಿಸದೆ ತೆಗೆದುಕೊಂಡರೆ, ಹೊಟ್ಟೆಯೊಳಗಿನ ಹುಣ್ಣಿನಿಂದ ರಕ್ತಸ್ರಾವವಾದಾಗ ನಿಲ್ಲುವುದು ಕಷ್ಟ. ಹಡಗಿನಲ್ಲಿ ರಕ್ತನಿಧಿ ಇಲ್ಲವೆಂಬುದನ್ನು ಇಲ್ಲಿ ನೆನೆಯಿರಿ. ಇನ್ನು ಪತ್ನಿಯ ಮೊಳಕಾಲು. ಕೆಲವು ದ್ವೀಪಗಳಲ್ಲಿ ದೊಡ್ಡ ಹಡಗು ಧಕ್ಕೆಗೆ ಬರಲಾಗದೆ ದೂರದಲ್ಲೇ ಲಂಗರು ಹಾಕುತ್ತದೆ, ಪ್ರಯಾಣಿಕರು ಓಲಾಡುವ ಸಣ್ಣ ದೋಣಿಗೆ ಕಾಲಿಟ್ಟು ಇಳಿಯಬೇಕು. ಮೊಳಕಾಲು ನೋವಿನವರು ಆ ಊರುಗಳನ್ನು ಹಡಗಿನ ಮೇಲಿಂದಲೇ ನೋಡುತ್ತಾರೆ. ಪಟ್ಟಿಯಲ್ಲಿ ಏಳು ಊರಿದ್ದರೂ ಅವರ ಪಾಲಿಗೆ ನಾಲ್ಕೇ.

ಮೊದಲನೆಯ ದಾರಿ ಮೇಲ್ನೋಟಕ್ಕೆ ಹೆಚ್ಚು ಭಯ ಹುಟ್ಟಿಸುತ್ತದೆ, ಏಳು ದಿನ ಬರೀ ನೀರು. ಆದರೆ ಐರ್ಲೆಂಡಿನ ತುದಿಯಿಂದ ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ ಇರುವ ಅಂತರ ಸುಮಾರು 3,000 ಕಿಲೋಮೀಟರ್. ನಡುಮಧ್ಯದಲ್ಲೂ ಯಾವುದಾದರೊಂದು ದಡ ಎರಡು ದಿನದೊಳಗಿನ ದಾರಿ. ಇಳಿಯುವ-ಹತ್ತುವ ತಾಪತ್ರಯವಿಲ್ಲದ್ದರಿಂದ ಮೊಳಕಾಲಿನವರಿಗೆ ಇದು ಒಳ್ಳೆಯದೇ. ತೊಂದರೆಯೆಂದರೆ ಉತ್ತರ ಅಟ್ಲಾಂಟಿಕ್ ತಣ್ಣಗಿನ, ಒರಟು ಸಮುದ್ರ. ಚಳಿಗಾಲದಲ್ಲಂತೂ ಅಲೆಗಳು ದೊಡ್ಡವು. ಹೋಗುವುದಾದರೆ ಮೇ ಕೊನೆಯಿಂದ ಆಗಸ್ಟಿನವರೆಗೆ ಹೋಗಬೇಕು.

ಮೂರನೆಯದರಲ್ಲಿ ಅತಿ ದೊಡ್ಡ ಖಾಲಿ ಜಾಗ ಫುಕೆಟ್-ಕೊಲಂಬೊ ನಡುವಿನದು, ಸುಮಾರು ಎರಡು ಸಾವಿರ ಕಿಲೋಮೀಟರ್, ಎರಡೂವರೆ ದಿನ. ಅರ್ಧ ಮಾಡಿದರೆ ದಿನದ ಮೇಲೆ ತುಸು. ಉಳಿದಂತೆ ಪ್ರತಿ ಬಂದರಿನಲ್ಲೂ ಹೃದಯದ ಆಸ್ಪತ್ರೆಗಳಿರುವ ಊರುಗಳು ಹತ್ತಿರದಲ್ಲೇ ಇವೆ, ಕೊಚ್ಚಿಯ ನಂತರ ನಮ್ಮದೇ ಕರಾವಳಿ. ಇಳಿದ ಮೇಲೆ ದೀರ್ಘ ವಿಮಾನಯಾನವಿಲ್ಲ. ಮುಂಬಯಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ವಾಡಿ. ಡಿಸೆಂಬರಿನಿಂದ ಮಾರ್ಚಿಯವರೆಗೆ ಈ ಸಮುದ್ರ ಸಾಮಾನ್ಯವಾಗಿ ಶಾಂತ. ಜೂನಿನಿಂದ ಸೆಪ್ಟೆಂಬರಿನವರೆಗೆ, ನೈಋತ್ಯ ಮಳೆಗಾಲದಲ್ಲಿ, ಅರಬ್ಬೀ ಸಮುದ್ರದ ಸವಾರಿ ಯಾರಿಗೂ ಬೇಡ.

ನಾನು ಹೇಳಿದ್ದು ಇಷ್ಟು: ಈ ವರ್ಷ ಮೂರನೆಯದಕ್ಕೆ ಹೋಗಿ, ಅದೂ ನಿಮ್ಮ ಹೃದಯತಜ್ಞರು ಪರೀಕ್ಷಿಸಿ ಸರಿ ಎಂದರೆ. ಸ್ಟೆಂಟಿಗೆ ವರ್ಷ ತುಂಬಿ, ಎರಡು ಮಹಡಿ ಹತ್ತಿದರೂ ಎದೆ ಬಿಗಿಯುವುದಿಲ್ಲ ಎಂದಾದ ಮೇಲೆ ಮುಂದಿನ ಬೇಸಿಗೆಯಲ್ಲಿ ಮೊದಲನೆಯದನ್ನು ವಿಚಾರಿಸೋಣ. ಎರಡನೆಯದನ್ನು ಬಿಟ್ಟುಬಿಡಿ. ಮಗನಿಗೆ ಬೇಸರವಾಯಿತು ಎಂದು ಆಮೇಲೆ ಹೇಳಿದರು. ಬೇಸರವಾಗಲಿ, ಅದಕ್ಕೆ ಮದ್ದಿದೆ.

ಬೇರೆ ದಾರಿಗಳ ಬಗ್ಗೆ ಎರಡು ಮಾತು. ಯುರೋಪಿನಿಂದ ಬ್ರೆಜಿಲ್ ಕಡೆಗೆ ಹೋಗುವ ಒಮ್ಮುಖ ಹಡಗುಗಳಿವೆ. ಸಮಭಾಜಕ ವೃತ್ತದ ಹತ್ತಿರ ಸಮುದ್ರ ಶಾಂತವಾಗಿರುವುದುಂಟು. ಆದರೆ ಬ್ರೆಜಿಲ್ ಹಳದಿ ಜ್ವರದ ದೇಶ. ಅಂಥ ದೇಶದಿಂದ ಭಾರತಕ್ಕೆ ಬರುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು, ಇಲ್ಲವಾದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿಕೊಂಡು ಹತ್ತು ದಿನವಾದ ಮೇಲೆ ಪ್ರಮಾಣಪತ್ರಕ್ಕೆ ಬೆಲೆ. 2016ರ ಜುಲೈಯಿಂದ ಅದು ಜೀವಮಾನವಿಡೀ ಸಲ್ಲುತ್ತದೆ. ಆದರೆ ಅರವತ್ತು ದಾಟಿದ ಮೇಲೆ ಮೊದಲ ಬಾರಿ ಈ ಲಸಿಕೆ ಹಾಕಿಸಿಕೊಳ್ಳುವವರಲ್ಲಿ ಗಂಭೀರ ಅಡ್ಡಪರಿಣಾಮಗಳ ಸಂಭವ ತುಸು ಹೆಚ್ಚು. ಕೇವಲ ಅಗ್ಗದ ಟಿಕೆಟ್ಟಿಗಾಗಿ ಹಿರಿಯರು ಆ ಲಸಿಕೆಗೆ ಒಳಗಾಗುವುದು ನನಗೆ ಒಪ್ಪಿಗೆಯಿಲ್ಲ.

ದುಬೈಯಿಂದ ಸೂಯೆಜ್ ಕಾಲುವೆಯ ಮೂಲಕ ಯುರೋಪಿಗೆ ಹೋಗುವ ದಾರಿ ಆರೋಗ್ಯದ ದೃಷ್ಟಿಯಿಂದ ಕೆಟ್ಟದ್ದಲ್ಲ. ಆದರೆ 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆದಾಗ ಹಲವು ಕಂಪನಿಗಳು ಆ ಪ್ರಯಾಣಗಳನ್ನು ರದ್ದು ಮಾಡಿದವು, ಇಲ್ಲವೆ ಆಫ್ರಿಕವನ್ನು ಸುತ್ತಿಹೋದವು. ಹಾಗೆ ಸುತ್ತಿದರೆ ನಮೀಬಿಯಾದಿಂದ ಕ್ಯಾನರಿ ದ್ವೀಪಗಳವರೆಗೆ, ನಡುವೆ ನಿಲ್ಲದಿದ್ದರೆ, ವಾರಕ್ಕೂ ಮಿಕ್ಕಿ ಬೇಕು. ಭೂಪಟದಲ್ಲಿ ದಡ ಪಕ್ಕದಲ್ಲೇ ಕಾಣುತ್ತದೆ. ಆದರೆ ದಡವಿದ್ದರೆ ಸಾಲದು, ದಡದಲ್ಲಿ ಆಸ್ಪತ್ರೆಯೂ ಇರಬೇಕು. ಟಿಕೆಟ್ ಕೊಳ್ಳುವಾಗ, "ದಾರಿ ಬದಲಾದರೆ ಯಾವ ದಾರಿ? ಆಗ ಹಣ ವಾಪಸ್ಸೇ?" ಎಂದು ಬರಹದಲ್ಲೇ ಕೇಳಿ.

ಇನ್ಸುಲಿನ್ ಮತ್ತು ಗಡಿಯಾರ

ಹಡಗಿನ ಒಂದು ಲಾಭವನ್ನು ಶುಗರ್ ಇರುವವರು ತಿಳಿಯಬೇಕು. ವಿಮಾನದಲ್ಲಿ ಅಮೆರಿಕಕ್ಕೆ ಹೋದರೆ ಒಂದೇ ದಿನದಲ್ಲಿ ಗಡಿಯಾರ ಒಂಬತ್ತು-ಹತ್ತು ಗಂಟೆ ಹಿಂದೆ ಸರಿಯುತ್ತದೆ. ಯಾವ ಹೊತ್ತಿನ ಇನ್ಸುಲಿನ್ ಯಾವಾಗ ಎಂದು ಗೊಂದಲವಾಗುತ್ತದೆ, ನಿದ್ದೆ ಕೆಡುತ್ತದೆ, ಶುಗರ್ ಏರಿಳಿಯುತ್ತದೆ. ಹಡಗು ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಹೋಗುವಾಗ ಐದು ಗಂಟೆಯ ವ್ಯತ್ಯಾಸವನ್ನು ಐದು ದಿನಕ್ಕೆ ಹಂಚಿ, ಪ್ರತಿ ದಿನವನ್ನು 25 ಗಂಟೆಯದಾಗಿ ಮಾಡುತ್ತದೆ. ದಿನಕ್ಕೊಂದು ಗಂಟೆ ತಡವಾಗಿ ಉಂಡು, ತಡವಾಗಿ ಇನ್ಸುಲಿನ್ ತೆಗೆದುಕೊಂಡರೆ ಬಹುಪಾಲು ಜನರಿಗೆ ಏನೂ ಬದಲಿಸಬೇಕಾಗಿಲ್ಲ. ಪೂರ್ವಕ್ಕೆ ಬರುವಾಗ ಇದು ತಿರುಗುಮುರುಗು. ದಿನಕ್ಕೆ 23 ಗಂಟೆ, ನಿದ್ದೆ ಒಂದೊಂದು ಗಂಟೆ ಕಳೆದುಹೋಗುತ್ತದೆ. ವಯಸ್ಸಾದವರಿಗೆ ನಾನು ಪಶ್ಚಿಮಕ್ಕೆ ಹಡಗು, ಮರಳಲು ವಿಮಾನ ಎಂದೇ ಹೇಳುತ್ತೇನೆ.

ಮರಳುವ ವಿಮಾನವನ್ನು ಮರೆಯಬಾರದು. ಒಮ್ಮುಖ ಹಡಗಿಗೆ ಒಂದು ತುದಿಯಲ್ಲಿ ವಿಮಾನ ಅಂಟಿಕೊಂಡೇ ಇರುತ್ತದೆ. ಹದಿನಾಲ್ಕು-ಹದಿನೈದು ಗಂಟೆ ಕಾಲು ಮಡಚಿ ಕುಳಿತರೆ ಮೀನಖಂಡದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವಿದೆ. ಗಂಟೆ-ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ನೀರು ಕುಡಿಯುತ್ತಿರಿ. ಕಾಲು ಬಾತು ನೋವಾದರೆ, ಉಸಿರು ಕಟ್ಟಿದಂತಾದರೆ ತಡಮಾಡಬೇಡಿ. ಹಡಗು ಹತ್ತುವ ಊರಿಗೆ ಮೊದಲು ವಿಮಾನದಲ್ಲಿ ಹೋಗುವುದಾದರೆ ಎರಡು ದಿನ ಮುಂಚೆಯೇ ಹೋಗಿ. ಸಾಮಾನು ಒಂದು ದಿನ ತಡವಾಗಿ ಬಂದರೆ ಔಷಧಿಯ ಚೀಲ ಒಂದು ಖಂಡದಲ್ಲಿ, ನೀವು ನಡುಸಮುದ್ರದಲ್ಲಿ.

ಆದ್ದರಿಂದ ಔಷಧಿಯನ್ನು ಎಂದೂ ದೊಡ್ಡ ಸಾಮಾನಿನಲ್ಲಿ ಹಾಕಬೇಡಿ. ಪ್ರಯಾಣದ ದಿನಗಳಿಗೆ ಬೇಕಾದುದಕ್ಕಿಂತ ಎರಡು ವಾರದಷ್ಟು ಹೆಚ್ಚು ತೆಗೆದುಕೊಂಡು, ಗಂಡನ ಕೈಚೀಲದಲ್ಲಿ ಅರ್ಧ, ಹೆಂಡತಿಯ ಕೈಚೀಲದಲ್ಲಿ ಅರ್ಧ ಇಡಿ. ಇನ್ಸುಲಿನ್ ವಿಮಾನದ ಸಾಮಾನು ಕೋಣೆಯಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಡಾಕ್ಟರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ. ನಮ್ಮ ಅಂಗಡಿಯ ಹೆಸರು ಬಾರ್ಬಡೋಸಿನ ಡಾಕ್ಟರಿಗೆ ಗೊತ್ತಿರುವುದಿಲ್ಲ. ಕೊನೆಯ ಇ.ಸಿ.ಜಿ.ಯ ಪ್ರತಿ ಒಂದು ಜೊತೆಯಲ್ಲಿರಲಿ. ಹಡಗಿನ ವೈದ್ಯರಿಗೆ ಹೊಸ ಇ.ಸಿ.ಜಿ.ಯನ್ನು ಹೋಲಿಸಿ ನೋಡಲು ಅದಕ್ಕಿಂತ ಉಪಯುಕ್ತವಾದ ಕಾಗದ ಇನ್ನೊಂದಿಲ್ಲ.

ಊಟದ ವಿಷಯ. ಜೋಳದ ರೊಟ್ಟಿ, ಬ್ಯಾಳಿ, ಪಲ್ಯ ಉಣ್ಣುವ ದೇಹ ಬೆಳಗಿನಿಂದ ರಾತ್ರಿಯವರೆಗೆ ತೆರೆದಿರುವ ಬಡಿಸಿಕೊಳ್ಳುವ ಊಟದ ಮುಂದೆ ನಿಂತರೆ ಮೂರೇ ದಿನದಲ್ಲಿ ಶುಗರ್ ಮುನ್ನೂರು ದಾಟುತ್ತದೆ. ಹಡಗಿನ ಬ್ರೆಡ್ಡು, ಸಾರು, ಚೀಸ್ ಇವುಗಳಲ್ಲಿ ಉಪ್ಪು ಹೆಚ್ಚು, ಬಿ.ಪಿ. ಮತ್ತು ಕಾಲಬಾವು ಇರುವವರಿಗೆ ಅದು ತಿಳಿಯುವುದೇ ಇಲ್ಲ. ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯುವವರಿದ್ದಾರೆ. ಕಂಪನಿ ಒಪ್ಪಿದರೆ ಒಯ್ಯಿರಿ. ಬಂದರಿನಲ್ಲಿ ಇಳಿಯುವಾಗ ತಿನಿಸನ್ನು ಜೊತೆಗೆ ಒಯ್ಯಲು ಹಲವು ದೇಶಗಳು ಬಿಡುವುದಿಲ್ಲ. ಹಿಂಡಿಯಲ್ಲೂ ಉಪ್ಪಿದೆ ಎಂಬುದು ನೆನಪಿರಲಿ.

ತಲೆಸುತ್ತು, ವಾಂತಿ, ಭೇದಿ

ಸಮುದ್ರದ ವಾಂತಿಗೆ ಭಯಪಟ್ಟು ಹೋಗದವರೇ ಹೆಚ್ಚು. ಕಣ್ಣಿಗೆ ಕೋಣೆ ನಿಂತಂತೆ ಕಾಣುತ್ತದೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಓಲಾಟ ಗೊತ್ತಾಗುತ್ತದೆ. ಎರಡರ ಸಾಕ್ಷಿ ಹೊಂದದಿದ್ದಾಗ ಮೆದುಳು ಗಲಿಬಿಲಿಗೊಂಡು ವಾಂತಿಯಾಗುತ್ತದೆ. ಬಹುತೇಕ ಜನ ಎರಡು-ಮೂರು ದಿನದಲ್ಲಿ ಹೊಂದಿಕೊಳ್ಳುತ್ತಾರೆ. ಕೋಣೆ ಆರಿಸುವಾಗ ಹಡಗಿನ ಉದ್ದಳತೆಯ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ. ತೊಟ್ಟಿಲ ಹಾಗೆ ತುದಿಯಲ್ಲಿ, ಮೇಲೆ ಓಲಾಟ ಹೆಚ್ಚು. ಹೆಚ್ಚು ಹಣ ಕೊಟ್ಟು ಮೇಲಂತಸ್ತಿನ ತುದಿಯ ಕೋಣೆ ಹಿಡಿದು ನರಳುವವರಿದ್ದಾರೆ. ಓಲಾಡುವಾಗ ಹೊರಗೆ ಬಂದು ದೂರದ ಕ್ಷಿತಿಜ ನೋಡಿ, ಪುಸ್ತಕ ಓದಬೇಡಿ, ಹೊಟ್ಟೆಯನ್ನು ಪೂರ್ತಿ ಖಾಲಿ ಬಿಡಬೇಡಿ. ಶುಂಠಿ ಕೆಲವರಿಗೆ ಹಿತ.

ಪ್ರೊಮೆಥಜಿನ್, ಸಿನ್ನರಿಜಿನ್, ಮೆಕ್ಲಿಜಿನ್ ಮಾತ್ರೆಗಳನ್ನು ವಾಂತಿ ಶುರುವಾದ ಮೇಲಲ್ಲ, ಓಲಾಟಕ್ಕೆ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಇವು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ, ಅದೇ ತೊಂದರೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದವರಿಗೆ ಇವುಗಳಿಂದ ಮೂತ್ರ ಕಟ್ಟಬಹುದು, ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಕಣ್ಣಿನ ಒತ್ತಡ ಏರಬಹುದು, ಸಿನ್ನರಿಜಿನ್ನಿನಿಂದ ಪಾರ್ಕಿನ್ಸನ್ ರೋಗ ಹೆಚ್ಚಬಹುದು. ಎಲ್ಲರಿಗೂ ಮಂಪರು ಬರುತ್ತದೆ. ಮಂಪರಿನಲ್ಲಿ, ಓಲಾಡುವ ನೆಲದಲ್ಲಿ, ಸ್ನಾನದ ಕೋಣೆಯ ಎತ್ತರದ ಹೊಸ್ತಿಲು ದಾಟುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಪ್ರವಾಸ ಅಲ್ಲಿಗೇ ಮುಗಿಯಿತು. ಮೊದಲು ಮನೆಯಲ್ಲಿ ಒಂದು ದಿನ ಮಾತ್ರೆ ತಿಂದು ನೋಡಿ ಎಂದು ನಾನು ಹೇಳುವುದುಂಟು.

ವಾಂತಿ-ಭೇದಿಯ ನೊರೊ ವೈರಸ್ ಹಡಗಿನಲ್ಲಿ ಬಲು ಬೇಗ ಹರಡುತ್ತದೆ. ಸೋಂಕು ತಗುಲಿ 12ರಿಂದ 48 ಗಂಟೆಯಲ್ಲಿ ಶುರುವಾಗಿ ಒಂದರಿಂದ ಮೂರು ದಿನ ಕಾಡುತ್ತದೆ. ಬಾಗಿಲಲ್ಲಿ ಕೈಗೆ ಹಚ್ಚುವ ಮದ್ಯಸಾರದ ದ್ರವ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ, ಸಾಬೂನು ನೀರಿನಿಂದ ತೊಳೆಯಬೇಕು. ಓ.ಆರ್.ಎಸ್. ಪೊಟ್ಟಣಗಳು ಕೈಚೀಲದಲ್ಲಿರಲಿ. ವಾಂತಿ-ಭೇದಿಯಾದಾಗ ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ, ಕೆಲವು ಶುಗರ್ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಯಾವುದನ್ನು ಎಂಬುದನ್ನು ಹೊರಡುವ ಮೊದಲೇ ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಇನ್ಸುಲಿನ್ನನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿ 3,711 ಜನರಿದ್ದರು, ಏಳುನೂರಕ್ಕೂ ಹೆಚ್ಚು ಮಂದಿಗೆ ಕೋವಿಡ್ ತಗುಲಿತು. ಮುಚ್ಚಿದ ಜಾಗದಲ್ಲಿ ಕೆಮ್ಮು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಫ್ಲೂ ಲಸಿಕೆಯನ್ನು ಹೊರಡುವ ಎರಡು ವಾರ ಮೊದಲಾದರೂ ಹಾಕಿಸಿಕೊಳ್ಳಿ. 65 ದಾಟಿದವರು ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಕೇಳಿ.

ಯಾರು ಹೋಗಬಾರದು?

ಹೃದಯಾಘಾತವಾಗಿ ಆರು ವಾರ ತುಂಬದವರು, ಕುಳಿತಲ್ಲೇ ಎದೆನೋವು ಬರುವವರು, ಮಲಗಿದರೆ ಉಸಿರು ಕಟ್ಟುವವರು, ಡಯಾಲಿಸಿಸ್ ಮೇಲಿರುವವರು ದಡ ಕಾಣದ ದಾರಿಗಳ ಆಸೆ ಬಿಡಬೇಕು. ಪಿತ್ತಕೋಶದ ಕಲ್ಲಿನಿಂದ ಆಗಾಗ ನೋವು, ಹರ್ನಿಯ, ರಕ್ತ ಬೀಳುವ ಮೂಲವ್ಯಾಧಿ ಇರುವವರು ಅದಕ್ಕೆ ಮೊದಲು ಚಿಕಿತ್ಸೆ ಮಾಡಿಸಿಕೊಳ್ಳಲಿ. ಊರಿನಲ್ಲಿ ನಾಳೆ ನೋಡೋಣ ಎನ್ನಬಹುದಾದ ನೋವು ಹಡಗಿನಲ್ಲಿ ಸಂಕಟಕ್ಕೆ ಕಾರಣವಾಗುತ್ತದೆ. ಅಲುಗಾಡುವ ಹಲ್ಲನ್ನು ಹೊರಡುವ ತಿಂಗಳು ಮೊದಲೇ ತೋರಿಸಿ.

ವಿಮೆಯ ಕಾಗದದಲ್ಲಿ ಎರಡು ಸಾಲು ಹುಡುಕಿ: ಮೊದಲೇ ಇರುವ ಕಾಯಿಲೆಗೆ ರಕ್ಷಣೆ ಇದೆಯೇ, ಹಡಗಿನಿಂದ ರೋಗಿಯನ್ನು ಸಾಗಿಸುವ ಖರ್ಚು ಕೊಡುತ್ತಾರೆಯೇ. ನಮ್ಮೂರಿನ ಸಾಮಾನ್ಯ ಆರೋಗ್ಯ ವಿಮೆ ಹೆಚ್ಚಾಗಿ ವಿದೇಶದಲ್ಲಿ ನಡೆಯುವುದಿಲ್ಲ, ಹಡಗಿನ ದವಾಖಾನೆಯ ಬಿಲ್ಲು ಸಾಮಾನ್ಯವಾಗಿ ಡಾಲರಿನಲ್ಲಿ ಬರುತ್ತದೆ. ಶುಗರ್, ಸ್ಟೆಂಟ್ ಮುಚ್ಚಿಟ್ಟು ವಿಮೆ ಕೊಂಡರೆ ಕೊಂಡಂತೆಯೇ ಅಲ್ಲ. ದಾರಿಯ ಪ್ರತಿ ದೇಶದ ವೀಸಾ ಇದ್ದರೆ ರೋಗಿಯ ಜೊತೆ ಮನೆಯವರೂ ಇಳಿಯುವುದು ಸುಲಭವಾಗುತ್ತದೆ. ಇದನ್ನು ಪ್ರವಾಸದ ಏಜೆಂಟರು ತಾವಾಗಿ ಹೇಳುವುದು ಅಪರೂಪ.

ಇಳಿದು ಮನೆಗೆ ಬಂದ ಮೇಲೂ ಒಂದೆರಡು ದಿನ ನೆಲ ಓಲಾಡಿದಂತೆ ಅನಿಸಬಹುದು. ಸ್ನಾನಕ್ಕೆ ನಿಂತಾಗ, ಕಣ್ಣು ಮುಚ್ಚಿದಾಗ ಹೆಚ್ಚು. ಮೆದುಳು ಇನ್ನೂ ಹಡಗಿನ ಲಯದಲ್ಲಿದೆ ಅಷ್ಟೆ, ಮಾತ್ರೆ ಬೇಡ, ನಡೆದಾಡುತ್ತಿದ್ದರೆ ಹೋಗುತ್ತದೆ. ಆದರೆ ಓಲಾಟದ ಜೊತೆ ಮಾತು ತೊದಲಿದರೆ, ಬಾಯಿ ಒಂದು ಕಡೆ ವಾಲಿದರೆ, ಕೈ ಬಲಗುಂದಿದರೆ ಅದು ಹಡಗಿನ ಓಲಾಟವಲ್ಲ. ಆ ಗಳಿಗೆಯೇ ಕಲಬುರಗಿಗೆ ಗಾಡಿ ಮಾಡಿ. ಮರಳಿದ ತಿಂಗಳೊಳಗೆ ಜ್ವರ ಬಂದರೆ, ಯಾವ ಯಾವ ಬಂದರಿನಲ್ಲಿ ಇಳಿದಿದ್ದಿರಿ ಎಂಬುದನ್ನು ಕೇಳುವ ಮೊದಲೇ ವೈದ್ಯರಿಗೆ ಹೇಳಿ.